ಮೀಸೆಯ ಕುಂಬಳಕಾಯಿ

ನಾವು ಐದನೆಯ ತರಗತಿಯಲ್ಲಿದ್ದ ದಿನಗಳವು. ಗೋಕಾಕದ ನಮ್ಮ ಶಾಲೆ ಆಗಷ್ಟೇ ಇಂಗ್ಲಿಷ್ ಮೀಡಿಯಂ ಆಗಿತ್ತು. ಬೆಳಗಾವಿಯಿಂದ ಬಂದ ಹೊಸ ಮಿಸ್ ಒಂದು ದಿನ, ಹ್ಯಾಲೋವೀನ್ ಎಂಬ ಹಬ್ಬವಿದೆ, ದೆವ್ವ, ಬಾವಲಿ, ಕುಂಬಳಕಾಯಿಯ ಗ್ರೀಟಿಂಗ್ ಕಾರ್ಡ್ ಮಾಡಿಕೊಂಡು ಬನ್ನಿ ಎಂದರು. ಪೆನ್ಸಿಲ್ ಮುಟ್ಟುವಂತಿಲ್ಲ, ಅಚ್ಚು ಒತ್ತಿಯೇ ಮಾಡಬೇಕು. ಎಲ್ಲಕ್ಕಿಂತ ಚೆಂದದ ಕಾರ್ಡ್ ಕ್ಲಾಸಿನ ಗೋಡೆ ಏರುತ್ತದೆ.

ಮನೆಯಲ್ಲಿ ಹೇಳಿದರೆ ಅಜ್ಜಿ ಮೆಂತ್ಯ ಸೋಸುತ್ತಲೇ ಕೇಳಿದಳು. "ಹಿರಿಯಾರ ಅಮಾಸಿ ಮೊನ್ನಿ ಮುಗದೈತಿ. ಹೋದ ದೆವ್ವಾನ ಮತ್ಯಾಕ ಕರ್ಯಾಕತ್ತಾರ ನಿಮ್ಮ ಟೀಚರು?"

ಆದರೂ ಒಂದು ಬಟಾಟೆ ಕೊಟ್ಟಳು. ಅದನ್ನು ಕೊರೆದು ಬಣ್ಣದಲ್ಲಿ ಅದ್ದಿ ಒತ್ತಿದೆ. ದೆವ್ವ ಕದಡಿ, ಉಬ್ಬಿದ ಪೂರಿಯಂತಾಯಿತು.

ನನ್ನ ಬೆಂಚಿನ ಗೆಳತಿ ಸುಜಾತಾಳ ಅಪ್ಪ ಬಸ್ ಸ್ಟ್ಯಾಂಡಿನ ಬಾಜೂ ಚಪ್ಪಲಿ ಹೊಲಿಯುತ್ತಿದ್ದರು. ಸಂಜೆ ನನ್ನ ಕಾರ್ಡ್ ಹಿಡಿದುಕೊಂಡು ಅಲ್ಲಿಗೆ ಹೋದೆ. ಅಂಟಿನ ಘಾಟು ವಾಸನೆಯ ನಡುವೆ ಕೂತು, ಚಪ್ಪಲಿಗೆ ಹೊಸ ಅಟ್ಟೆ ಕತ್ತರಿಸಿ ಉಳಿದ ರಬ್ಬರಿನ ತುಂಡಿನಲ್ಲಿ ಅವಳು ಕುಂಬಳಕಾಯಿ ಕೆತ್ತುತ್ತಿದ್ದಳು. ಅವಳು ನೋಡಿದ್ದು ಮನೆಗಳ ಮುಂದೆ ದೃಷ್ಟಿಗೆಂದು ಕಟ್ಟುವ ಕುಂಬಳಕಾಯಿ. ಹಾಗಾಗಿ ಇದಕ್ಕೂ ಹುರಿ ಮೀಸೆ, ಕೋರೆಹಲ್ಲು. ಕಾಗದದ ಮೇಲೆ ಒತ್ತಿದರೆ ಮೀಸೆಯ ಒಂದೊಂದು ಕೂದಲೂ ಮೂಡುತ್ತಿತ್ತು. ನನ್ನ ಹೊಟ್ಟೆಯಲ್ಲಿ ಬೆಂಕಿ ಬಿತ್ತು.

ಅವಳು ನನ್ನ ಕಾರ್ಡ್ ನೋಡಿ, ಇನ್ನೊಂದು ಸಣ್ಣ ಅಚ್ಚು ಮುಂದೆ ಚಾಚಿದಳು. "ನಿನ್ನ ದೆವ್ವ ಕದಡೇತಿ, ಪೂಜಾ. ತಗೋ, ಈ ಬಾವಲಿ ಒತ್ತು, ಚಲೋ ಕಾಣ್ತೈತಿ."

ಆರು ಬಾವಲಿ ಒತ್ತಿಕೊಂಡೆ. ಒತ್ತುವಾಗಲೂ ನನ್ನ ಕಣ್ಣು ಅವಳ ಕುಂಬಳಕಾಯಿಯ ಮೇಲೇ ಇತ್ತು.

ಮರುದಿನ ಮಿಸ್ ಸುಜಾತಾಳ ಕಾರ್ಡನ್ನು ಎತ್ತಿ ಹಿಡಿದು ನಕ್ಕರು. ಅಂಟಿಸಲು ಟೇಪು ಹುಡುಕತೊಡಗಿದರು. ನಾನು ಎದ್ದು ನಿಂತೆ.

"ಮಿಸ್, ಅದನ್ನ ಚಪ್ಪಲಿ ರಬ್ಬರಿಂದ ಮಾಡ್ಯಾಳ್ರಿ."

ಯಾರ ಕಾಲೂ ತಾಗದ ರಬ್ಬರು ಅದು. ನನಗೆ ಚೆನ್ನಾಗಿ ಗೊತ್ತಿತ್ತು, ಗೊತ್ತಿದ್ದೇ ಹೇಳಿದೆ. ಕ್ಲಾಸು ನಕ್ಕಿತು, ಯಾರೋ ಮೂಗು ಮುಚ್ಚಿಕೊಂಡರು. ಮಿಸ್ ಕಾರ್ಡನ್ನು ತುದಿಬೆರಳಲ್ಲಿ ಹಿಡಿದು ಮೇಜಿನ ಮೇಲಿಟ್ಟರು. "ಗ್ವಾಡಿ ಮ್ಯಾಲೆ ಸರಸ್ವತಿ ಫೋಟೋ ಐತವ್ವಾ, ಅದರ ಬಾಜೂ ಇದು ಬ್ಯಾಡ" ಎಂದು ನನ್ನ ಕಾರ್ಡ್ ತೆಗೆದುಕೊಂಡರು. ಬಾವಲಿಗಳು ಭಾರೀ ಚೆಂದ ಬಂದಿವೆ ಎಂದರು.

ಬಾವಲಿಯ ಅಚ್ಚೂ ತನ್ನದೇ, ಅದೇ ರಬ್ಬರಿನದು ಎಂದು ಈಗ ಹೇಳುತ್ತಾಳೆ ಅಂದುಕೊಂಡೆ. ಸುಜಾತಾ ನನ್ನನ್ನು ಒಮ್ಮೆ ನೋಡಿ ತನ್ನ ಕಾರ್ಡನ್ನು ಚೀಲಕ್ಕೆ ಹಾಕಿಕೊಂಡಳು, ಅಷ್ಟೇ. ಮಧ್ಯಾಹ್ನ ಶೇಂಗಾ ಚಟ್ನಿ ಹಚ್ಚಿದ ನನ್ನ ರೊಟ್ಟಿಯಲ್ಲಿ ದಿನಾ ಕೇಳುವಂತೆ ಅರ್ಧ ಕೇಳಲಿಲ್ಲ. ಮುಂದೆಂದೂ ಕೇಳಲಿಲ್ಲ.

ಹೋದ ವರ್ಷ ಹುಕ್ಕೇರಿಯ ಬಸ್ಸಿನಲ್ಲಿ ಸಿಕ್ಕಳು. ಯಮಕನಮರಡಿಯಲ್ಲಿ ನರ್ಸ್ ಆಗಿದ್ದಾಳೆ. ಸರಿದು ಕೂತು ನನಗೂ ಜಾಗ ಕೊಟ್ಟಳು. ಸ್ವಲ್ಪ ದೂರ ಹೋದಮೇಲೆ ಧೈರ್ಯ ಮಾಡಿ ಕೇಳಿದೆ.

"ಅವತ್ತ ಬಾವಲಿ ಅಚ್ಚು ನಿಂದಂತ ಮಿಸ್ಸಿಗೆ ಯಾಕ ಹೇಳ್ಲಿಲ್ಲ ನೀ?"

"ಹೇಳಿದ್ರ ಅದನ್ನೂ ತಗೀತಿದ್ರು" ಅಂದಳು. "ಅದಾದ್ರೂ ಗ್ವಾಡಿ ಮ್ಯಾಲೆ ಇರಲಿ ಅಂತ ಸುಮ್ಮನಾದೆ. ವರ್ಷ ಪೂರ್ತಿ ನೋಡ್ತಿದ್ದೆ."

"ಈಗೂ ಕೆತ್ತತಿಯೇನ?"

"ಇಲ್ಲ. ಅವತ್ತ ಬಿಟ್ಟೆ."

ಗೋಡೆ ನನ್ನದೆಂದು ನಾನು ಬೀಗಿದ ಆ ವರ್ಷವೆಲ್ಲ ಅದು ಅವಳದೇ ಆಗಿತ್ತು. ಕೇಳಿ ಮತ್ತೆ ಹೊಟ್ಟೆ ಉರಿಯಿತು, ಸುಳ್ಳೇಕೆ ಹೇಳಲಿ. ಈಗ ನನ್ನ ಮಗಳ ಬಳಿ ಡಬ್ಬಿ ತುಂಬ ಅಂಗಡಿಯ ಅಚ್ಚುಗಳಿವೆ. ಅದರಲ್ಲಿನ ಕುಂಬಳಕಾಯಿಗಳೆಲ್ಲ ಒಂದೇ ಥರ ನಗುತ್ತವೆ. ಮೀಸೆಯದು ಒಂದೇ ಒಂದಿತ್ತು. ಅದನ್ನು ನಾನು ಗೋಡೆ ಹತ್ತಗೊಡಲಿಲ್ಲ.