ಅಕ್ಕನ ಗಾಳಿ ನನ್ನ ಪಾಲಿಗೆ ಬಂದದ್ದು

ನಮ್ಮ ಬಳಗದಲ್ಲಿ ಹುಚ್ಚಿಗೆ ಮದ್ದು ಗೊತ್ತಿಲ್ಲದವರು ಯಾರೂ ಇಲ್ಲ. ಜ್ವರ ಬಂದರೆ ಡಾಕ್ಟರ ಹತ್ತಿರ ಹೋಗಿ ಎನ್ನುವವರೇ, ತಲೆಗೆ ಬಂದದ್ದಾದರೆ ತಾವೇ ಡಾಕ್ಟರಾಗಿಬಿಡುತ್ತಾರೆ. ಇದು ನನಗೆ ತಿಳಿದದ್ದು ಅಕ್ಕನಿಗೆ ಎರಡನೆಯ ಮಗು ಹುಟ್ಟಿದ ಮೇಲೆ.

ಅಕ್ಕನನ್ನು ಕೊಟ್ಟಿದ್ದು ದೇವದುರ್ಗಕ್ಕೆ. ಬಾಣಂತನಕ್ಕೆಂದು ಮಾನ್ವಿಯ ನಮ್ಮ ಮನೆಗೆ ಬಂದಿದ್ದಳು. ಹೆರಿಗೆಯಾದ ಮೇಲೆ ನಿದ್ದೆ ಬಿಟ್ಟಳು. ಗೋಡೆಯಾಚೆ ಯಾರೋ ಕೂಸನ್ನು ಬದಲಿಸುವ ಮಾತಾಡುತ್ತಿದ್ದಾರೆಂದು ಗೋಡೆಗೆ ಕಿವಿ ಹಚ್ಚಿ ಕೂಡುತ್ತಿದ್ದಳು. ಗೋಡೆಯಾಚೆ ಇದ್ದದ್ದು ಒಂದು ಹಿಟ್ಟಿನ ಗಿರಣಿ.

ಬಾಣಂತಿಯನ್ನು ನೋಡಲು ಬಂದವರೆಲ್ಲ ಒಂದೊಂದು ಚಿಕಿತ್ಸೆ ಬಿಟ್ಟು ಹೋದರು. ಸೋದರತ್ತೆ ಗಾಳಿ ಸೋಕಿದೆಯೆಂದು ಬಾಗಿಲು ಕಿಟಕಿ ಹಾಕಿ ಮೆಣಸಿನಕಾಯಿ ಹೊಗೆ ಹಾಕಿದಳು. ಗಾಳಿ ಓಡಿತೋ ಇಲ್ಲವೋ, ಕೆಮ್ಮುತ್ತ ನಾವೆಲ್ಲ ಓಡಿದೆವು. ಚಿಕ್ಕಪ್ಪನ ಮಗ ಬೆಳಿಗ್ಗೆ ಸಂಜೆ ಮೊಬೈಲಿನಲ್ಲಿ ಪಾಸಿಟಿವ್ ಥಿಂಕಿಂಗ್ ವಿಡಿಯೋ ಕಳಿಸಿದ. ಕೋಟು ಹಾಕಿಕೊಂಡ ಒಬ್ಬ ಮನುಷ್ಯ ಅದರಲ್ಲಿ, ದುಃಖವೆಂಬುದು ನಾವು ಮಾಡಿಕೊಂಡ ಆಯ್ಕೆ ಎಂದು ಚೀರುತ್ತಿದ್ದ. ಓಣಿಯ ಬಳೆ ಅಂಗಡಿಯ ಖಾಲಾ ದರ್ಗಾದಿಂದ ಓದಿಸಿದ ನೀರು ತಂದರು. "ಕುಡಿಸ್ರಿ ಅಮ್ಮಾ, ನಮ್ ಸೊಸಿಗೂ ಹಿಂಗೇ ಆಗಿತ್ತು. ಕೂಸಿನ್ನ ಇಲ್ಲಿ ಕೊಡ್ರಿ, ಆಕಿ ಸ್ವಲ್ಪ ಅಡ್ಡಾಗ್ಲಿ" ಎಂದು ಮಧ್ಯಾಹ್ನವೆಲ್ಲ ಕೂಸನ್ನು ತೊಡೆಯ ಮೇಲೆ ಹಾಕಿಕೊಂಡು ಕೂತರು. ಅಷ್ಟೂ ಮದ್ದುಗಳಲ್ಲಿ ಸ್ವಲ್ಪವಾದರೂ ಹತ್ತಿದ್ದು ಆ ತೊಡೆ.

ಕಡೆಗೆ ನಾನೇ ಹಟ ಹಿಡಿದು ರಾಯಚೂರಿಗೆ, ಮನಸ್ಸಿನ ಡಾಕ್ಟರ ಹತ್ತಿರ ಕರೆದುಕೊಂಡು ಹೋದೆ. ಬಿ.ಎಸ್ಸಿ. ಓದಿದ ಹುಡುಗಿ ಎಂದು ಅಷ್ಟಾದರೂ ನಡೆಯಿತು. ಅವ್ವ ಯಾರೂ ಗುರುತು ಹಿಡಿಯಬಾರದೆಂದು ಮೂಗಿನವರೆಗೆ ಸೆರಗು ಎಳೆದುಕೊಂಡಿದ್ದಳು. ಕಾಯುವ ಬೆಂಚಿನ ಮೇಲೆ ನಮ್ಮ ಓಣಿಯ ಹಿರಿಯರೊಬ್ಬರು ಕೂತಿದ್ದರು.

"ಕಿವಿ ನೋಯಾಕತ್ತಿತ್ರಿ, ತೋರ್ಸಾಕ ಬಂದೆ" ಎಂದರು, ಕೇಳದಿದ್ದರೂ.

"ನಾವು ಹಲ್ಲಿಗೆ ಬಂದೀವ್ರಿ" ಎಂದಳು ಅವ್ವ.

ಇಬ್ಬರೂ ಸಮಾಧಾನದಿಂದ ಪಕ್ಕಪಕ್ಕದಲ್ಲೇ ಕೂತರು.

ಡಾಕ್ಟರು ಅಕ್ಕನನ್ನು ಮಾತಾಡಿಸಿದರು, ಹೆರಿಗೆಯ ನಂತರ ಕೆಲವರಿಗೆ ಹೀಗಾಗುವುದುಂಟು ಎಂದರು, ಗುಳಿಗೆ ಬರೆದರು. ಆರಾಮಾಯಿತೆಂದು ನೀವೇ ನಿಲ್ಲಿಸಬೇಡಿ, ನಾನು ಹೇಳುವವರೆಗೆ ನಡೆಯಲಿ ಎಂದು ಒತ್ತಿ ಹೇಳಿದರು. ನಾವು ಗೋಣು ಹಾಕಿದೆವು. ಡಾಕ್ಟರು ಹೇಳಿದ್ದಕ್ಕೆ ಗೋಣು ಹಾಕುವುದರಲ್ಲಿ ನಮ್ಮ ಜಿಲ್ಲೆಯವರನ್ನು ಮೀರಿಸುವವರಿಲ್ಲ. ಅಕ್ಕ ನಿದ್ದೆ ಮಾಡಿದಳು. ಗಿರಣಿ ಮತ್ತೆ ಗಿರಣಿಯಾಯಿತು. ತೊಟ್ಟಿಲು ತೂಗುತ್ತ ಅವಳು ನಕ್ಕ ದಿನ ಅವ್ವ ಗುಡಿಗೂ ದರ್ಗಾಕ್ಕೂ ಹರಕೆ ತೀರಿಸಿದಳು. ಡಾಕ್ಟರ ಹೆಸರು ಮಾತ್ರ ಎತ್ತಲಿಲ್ಲ.

ಆಮೇಲೆ ಮಾಮಾ, ಅಂದರೆ ಅಕ್ಕನ ಗಂಡ, ಬಂದು ಅವಳನ್ನು ದೇವದುರ್ಗಕ್ಕೆ ಕರೆದೊಯ್ದರು. ಅಲ್ಲಿ ಅವರ ತಾಯಿ ಗುಳಿಗೆಯ ಚೀಲ ನೋಡಿದರು.

"ಇದನ್ನ ತಿಂದ್ ತಿಂದೇ ಹಗಲೆಲ್ಲಾ ತೂಕಡಸ್ತಾಳ. ಅಜ್ಜಗ ಒಂದ್ಸಲ ತೋರ್ಸೂಣು" ಎಂದರಂತೆ.

ಅಜ್ಜ ಎಂದರೆ ಆ ಕಡೆಯ ಹಳ್ಳಿಗಳಲ್ಲಿ ಗಾಳಿ ಬಿಡಿಸುವ ಮುದುಕ. ಅವನ ಶಾಸ್ತ್ರ ಬಹಳ ಗಟ್ಟಿ. "ಗುಳಿಗಿ ತಿಂದ್ರ ಆಕಿ ಮೈಯಾಗಿನ ಗಾಳಿ ಮಲಕೊಂತದ. ಮಲಗಿದ್ದನ್ನ ಹೆಂಗ ಓಡಸ್ಲಿ? ಮೊದಲು ಗುಳಿಗಿ ಬಿಡಸ್ರಿ, ಗಾಳಿ ಏಳ್ಲಿ" ಎಂದ. ಬಿಡಿಸಿದರು. ಅಕ್ಕ ಮತ್ತೆ ನಿದ್ದೆ ಬಿಟ್ಟಳು, ಗೋಡೆಗೆ ಕಿವಿ ಹಚ್ಚಿದಳು, ಕೂಸನ್ನು ಯಾರ ಕೈಗೂ ಕೊಡದೆ ಎದೆಗೆ ಅವಚಿಕೊಂಡು ಮೂಲೆ ಸೇರಿದಳು. "ನೋಡಿದ್ರಿಲ್ಲೋ, ಎದ್ದದ!" ಎಂದನಂತೆ ಅಜ್ಜ. ರೋಗವನ್ನು ತಾನೇ ಮರಳಿ ಬರಿಸಿ, ಬಂದದ್ದನ್ನೇ ಸಾಕ್ಷಿಗೆ ನಿಲ್ಲಿಸುವ ಜಾಣತನ ನನ್ನ ಯಾವ ಪ್ರೊಫೆಸರಿಗೂ ಇರಲಿಲ್ಲ.

ಸುದ್ದಿ ಕೇಳಿ ಅವ್ವನೊಂದಿಗೆ ದೇವದುರ್ಗದ ಬಸ್ಸು ಹತ್ತಿದೆ. ನಾವು ಮುಟ್ಟುವಷ್ಟರಲ್ಲಿ ಎಲ್ಲರೂ ಟಂಟಂ ಆಟೋ ಮಾಡಿಕೊಂಡು ಹೊಳೆಗೆ ಹೋಗಿದ್ದರು. ಅಮಾವಾಸ್ಯೆಯ ಬೆಳಗು. ನಾವೂ ಹಿಂದೆಯೇ ಹೋದೆವು.

ಕೃಷ್ಣೆಯಲ್ಲಿ ನಡುಮಟ್ಟದ ನೀರು. ಅಜ್ಜ ಒಂದು ಕೈಯಲ್ಲಿ ಅಕ್ಕನ ಕೂದಲು, ಇನ್ನೊಂದರಲ್ಲಿ ಭುಜ ಹಿಡಿದು ಮುಳುಗಿಸುತ್ತಿದ್ದ. ಗಾಳಿ ತನ್ನ ಊರು ಹೇಳಬೇಕು, ಏನು ಬೇಕೆಂದು ಹೇಳಬೇಕು, ಅಲ್ಲಿಯವರೆಗೆ ಬಿಡುವಂತಿಲ್ಲ, ಅದು ಪದ್ಧತಿ. ಪ್ರಶ್ನೆ ನೀರಿನ ಮೇಲೆ, ಉತ್ತರ ಕೊಡಬೇಕಾದವಳು ನೀರಿನ ಕೆಳಗೆ.

"ಯಾವೂರಾಕಿ ನೀ? ಹೇಳಲೇ!"

ಮೇಲೆ ಬಂದ ಅಕ್ಕ ಉಸಿರೆಳೆದುಕೊಂಡು ನಿಜವನ್ನೇ ಹೇಳಿದಳು: "ಮಾನ್ವಿ."

"ಮಾನ್ವಿ ಗಾಳಿ!" ಎಂದ ಅಜ್ಜ. ದಂಡೆಯ ಮೇಲಿದ್ದವರೆಲ್ಲ ತಿರುಗಿ ಅವ್ವನನ್ನು ನೋಡಿದರು. ತವರಿನವರು ವರದಕ್ಷಿಣೆಯ ಜೊತೆಗೆ ಇದನ್ನೂ ಕಟ್ಟಿ ಕಳಿಸಿದ್ದಾರೆ ಎಂಬಂತೆ.

"ಏನ್ ಬೇಕು ನಿನಗ? ಹೇಳು!" ಮತ್ತೆ ಮುಳುಗಿಸಿದ.

ಇಲ್ಲಿಂದ ಮುಂದಿನದು ನನಗೆ ಇವತ್ತಿಗೂ ತುಂಡು ತುಂಡಾಗಿ, ಕರೆಯದೆಯೇ ನೆನಪಿಗೆ ಬರುತ್ತದೆ. ಅಕ್ಕನ ಕೈ ಮೇಲೆದ್ದು ನೀರನ್ನು ಬಡಿಯುತ್ತಿತ್ತು. ಬಳೆಗಳು ಸದ್ದು ಮಾಡುತ್ತಿದ್ದವು. "ಆಟ ಆಡಾಕತ್ತಾದ, ಬಿಡಬ್ಯಾಡ್ರಿ ಅಜ್ಜಾ" ಎಂದರು ಮಾಮಾ. ಬಳೆಯ ಸದ್ದು ನಿಂತಿತು. ಬೆರಳುಗಳು ಬಿಚ್ಚಿಕೊಂಡವು. ಅಂಗೈ ನೀರಿನ ಮೇಲೆ ಎಲೆಯ ಹಾಗೆ ತೇಲಿತು. "ಶಾಂತ ಆತು" ಎಂದು ಯಾರೋ ಕೈ ಮುಗಿದರು.

ನಾನು ಯಾವಾಗ ನೀರಿಗಿಳಿದೆನೋ ಗೊತ್ತಿಲ್ಲ. ಅಜ್ಜನ ಮಣಿಕಟ್ಟು ನನ್ನ ಹಲ್ಲಿನಲ್ಲಿತ್ತು. ತಂಬಾಕಿನ ವಾಸನೆ, ಅವನ ಕೈಗೆ ಕಟ್ಟಿದ ದಾರದ ಒಗರು, ಅವನ ಚೀರಾಟ. ಅವನು ಬಿಟ್ಟ, ನಾನು ಅಕ್ಕನ ಕಂಕುಳಿಗೆ ಕೈ ಹಾಕಿ ಉಸುಕಿಗೆ ಎಳೆದೆ. ಪಕ್ಕಕ್ಕೆ ಹೊರಳಿಸಿ ಬೆನ್ನು ಗುದ್ದಿದೆ. ಮೊದಲು ಏನೂ ಇಲ್ಲ. ಆಮೇಲೆ ನೀರು ಕಾರಿ ಕೆಮ್ಮಿದಳು.

ಯಾರೂ ಅವಳನ್ನು ನೋಡುತ್ತಿರಲಿಲ್ಲ. ಅಜ್ಜ ಕೈ ಒತ್ತಿ ಹಿಡಿದುಕೊಂಡು ನನ್ನತ್ತ ಬೆರಳು ಮಾಡಿದ್ದ.

"ಬಿಟ್ಟಾದ! ಅಕ್ಕನ್ನ ಬಿಟ್ಟು ತಂಗಿ ಮೈಯಾಗ ಹೊಕ್ಕಾದ! ಹೆಂಗ ಕಡೀತು ನೋಡ್ರಿ!"

ಜನ ಹೌದೆಂದರು. ಕಾಲೇಜು ಓದಿದ ಹುಡುಗಿ ಸುಮ್ಮನೆ ಕಚ್ಚುವುದುಂಟೆ? ಮಾಮಾ ಬೇವಿನ ಟೊಂಗೆ ಹಿಡಿದು ನನ್ನ ಕಡೆ ಎರಡು ಹೆಜ್ಜೆ ಇಟ್ಟರು. "ದೂರ ಸರೀರಿ!" ಎಂದು ಚೀರಿದೆ. ಎಲ್ಲರೂ ಸರಿದರು. ನನ್ನ ಮಾತನ್ನು ಬಳಗ ಒಮ್ಮೆಗೇ ಕೇಳಿದ್ದು ಹುಟ್ಟಿದಾಗಿನಿಂದ ಅದೇ ಮೊದಲು.

ಮರಳುವ ಟಂಟಂನಲ್ಲಿ ಅಕ್ಕನ ತಲೆ ನನ್ನ ತೊಡೆಯ ಮೇಲಿತ್ತು. ನನ್ನ ಹಲ್ಲು ಕಟಕಟ ಅನ್ನುತ್ತಿದ್ದವು.

"ಮಾಮಾ, ಗಾಳಿ ಈಗ ನನ್ನ ಹತ್ರ ಅದ. ಇನ್ನ ಆಕಿಗೆ ಗುಳಿಗಿ ಕೊಟ್ರ ಅಡ್ಡಿ ಏನು?"

ಮಾಮಾ ಯೋಚಿಸಿದರು. ನ್ಯಾಯವಾಗಿ ಕಂಡಿತು. ಫೋನು ಹಚ್ಚಿ ಅಜ್ಜನನ್ನೇ ಕೇಳಿದರು, ಅವನೂ ಅಡ್ಡಿಯಿಲ್ಲವೆಂದ. ಅವತ್ತೇ ರಾಯಚೂರಿನ ಆಸ್ಪತ್ರೆಯಲ್ಲಿ ಅಕ್ಕನ ಎದೆಯ ಫೋಟೋ ತೆಗೆದರು, ಗುಳಿಗೆ ಮತ್ತೆ ಶುರುವಾಯಿತು. ವಿಜ್ಞಾನಕ್ಕೆ ನಮ್ಮ ಮನೆಯಲ್ಲಿ ಅನುಮತಿ ಸಿಕ್ಕಿದ್ದು ಹೀಗೆ.

ಅಕ್ಕ ಚೇತರಿಸಿಕೊಂಡಳು. ಅವಳು ರೊಟ್ಟಿ ಬಡಿಯುವಷ್ಟಾದ ಕೂಡಲೇ ಅವಳ ಅತ್ತೆ ಹಳೆಯ ರಾಗ ತೆಗೆದರು: "ಗಾಳಿ ಹೋಗ್ಯಾದಲ್ಲ, ಮತ್ಯಾಕ ಗುಳಿಗಿ?" ನಾನು ದೇವದುರ್ಗಕ್ಕೆ ಹೋಗಿ ಮಿದುಳು, ಅದರ ರಸಾಯನ, ಮಧ್ಯದಲ್ಲಿ ನಿಲ್ಲಿಸಿದರೆ ಆಗುವ ಅಪಾಯ ಎಲ್ಲವನ್ನೂ ಬಿಡಿಸಿ ಹೇಳಿದೆ. ಅವರು ಕಾಳು ಆರಿಸುತ್ತ ಕೇಳಿದರು.

"ಇರಬೋದವ್ವಾ. ನಾಳಿಂದ ಬಿಡಸ್ತೀನಿ."

ಜಡೆ ಬಿಚ್ಚಿದೆ. ಕೂದಲು ಮುಖದ ಮೇಲೆ ಹರಡಿ, ಅಡುಗೆಮನೆಯ ಹೊಸ್ತಿಲಿಗೆ ಬಂದು ಕೂತು, ಗಂಟಲು ದಪ್ಪ ಮಾಡಿ ಹೇಳಿದೆ:

"ಆಕಿ ಗುಳಿಗಿ ಬಿಟ್ಟ ದಿವಸ ನಾ ತಿರಗಿ ಈ ಮನಿಗೇ ಬರ್ತೀನಿ. ಈ ಸಲ ಆಕಿ ಮೈಗಲ್ಲ ಮುದುಕೀ, ನಿನ್ನ ಮೈಗೆ."

ಮೊರ ಕೈಯಿಂದ ಜಾರಿ ಕಾಳೆಲ್ಲ ನೆಲಕ್ಕೆ ಚೆಲ್ಲಿದವು. ಅವತ್ತಿನಿಂದ ಅತ್ತೆಯೇ ಊಟವಾದ ಮೇಲೆ ನೀರಿನ ತಂಬಿಗೆ ಹಿಡಿದು ನಿಲ್ಲುತ್ತಾರೆ. ಗುಳಿಗೆ ನುಂಗಿದಳೋ ಇಲ್ಲವೋ ಎಂದು ನಾಲಿಗೆ ಎತ್ತಿಸಿ ನೋಡುತ್ತಾರೆ. ಇಂಥ ಅತ್ತೆ ಸಿಗುವುದು ಅಪರೂಪ ಎಂದು ಡಾಕ್ಟರು ಮೆಚ್ಚಿಕೊಂಡರು.

ನನ್ನ ಕಥೆ ಬೇರೆಯಾಯಿತು. ತಲೆಯ ಮೇಲೆ ತಂಬಿಗೆ ನೀರು ಸುರಿದರೆ ಸಾಕು, ಬಳೆಯ ಸದ್ದು ನಿಲ್ಲುತ್ತದೆ, ಉಸಿರು ಹಿಡಿಯುತ್ತದೆ. ಕೂದಲು ಗಿಡ್ಡ ಕತ್ತರಿಸಿಕೊಂಡು ಒದ್ದೆ ಬಟ್ಟೆಯಲ್ಲಿ ಒರೆಸಿಕೊಳ್ಳುತ್ತೇನೆ. ನನ್ನನ್ನು ನೋಡಲು ಗಂಡಿನವರು ಬರುವುದು ನಿಂತಿತು, ಅದೊಂದು ಲಾಭ. ಅಕ್ಕನಿಗೆ ಹೊಳೆಯ ನೆನಪೇ ಇಲ್ಲ, ಆದರೆ ನನ್ನ ಕೂದಲು ನೋಡಿ ಅವಳೇ ಕೆದಕಿ ಕೆದಕಿ ಕೇಳಿದಳು. ಹೇಳಿದೆ. ನನ್ನನ್ನೂ ಡಾಕ್ಟರಿಗೆ ತೋರಿಸಬೇಕೆಂದು ದೇವದುರ್ಗದ ಮನೆಯಲ್ಲಿ ಮಾತೆತ್ತಿದಳು. ಅತ್ತೆ ಗಾಬರಿಯಾದರು.

"ಬ್ಯಾಡವ್ವಾ! ಆಕಿಗೆ ಆರಾಮಾದ್ರ ಆ ಗಾಳಿ ಎಲ್ಲಿಗಿ ಹೋಗಬೇಕು? ಹೆಂಗೂ ಆಕಿ ತಡಕೊಂಡಾಳ, ಇರ್ಲಿ ಬಿಡು."

ಅಕ್ಕ ತನ್ನ ತಪಾಸಣೆಗೆ ಜೊತೆ ಬೇಕೆಂದು ನನ್ನನ್ನು ರಾಯಚೂರಿಗೆ ಕರೆಸಿಕೊಂಡಳು. ಒಳಗೆ ಹೋದ ಮೇಲೆ ರೋಗಿಯ ಕುರ್ಚಿಯಲ್ಲಿ ತಾನು ಕೂಡಲಿಲ್ಲ, ಭುಜ ಹಿಡಿದು ನನ್ನನ್ನು ಕೂಡಿಸಿದಳು.

"ನಾ ಛಲೋ ಅದೀನ್ರಿ. ಈಕಿನ್ನ ನೋಡ್ರಿ. ನಾ ಹೊಳಿಯಿಂದ ಹೊರಗ ಬಂದೀನಿ, ಈಕಿ ಇನ್ನೂ ಬಂದಿಲ್ಲ."

ಈಗ ನನಗೂ ಗುಳಿಗೆ ಇವೆ, ಹದಿನೈದು ದಿನಕ್ಕೊಮ್ಮೆ ಹೋಗಿ ಮಾತಾಡುವುದೂ ಇದೆ. ದೇವದುರ್ಗದಲ್ಲಿ ಯಾರಿಗೂ ಹೇಳಿಲ್ಲ. ಅಕ್ಕನ ಗುಳಿಗೆ ಇನ್ನೂ ನಡೆಯಬೇಕು. ಅಲ್ಲಿಯವರೆಗೆ ಅವಳ ಅತ್ತೆಗೆ ನನ್ನ ಭಯ ಇರಬೇಕು.