ಡೆಲ್ಬರ್ಟ್ ಕ್ರಾಟ್ಜ್ ಅಚ್ಚು ಹಾಕಿದ ಮೂವರು ಉಪಾಧ್ಯಕ್ಷರು

ಒಹಾಯೊದ ನಮ್ಮ ಟಿಫ್ಟನ್ ಊರಿನಲ್ಲಿ ಡೆಲ್ಬರ್ಟ್ ಕ್ರಾಟ್ಜ್ ನಲವತ್ತೊಂದು ವರ್ಷ ಅಚ್ಚುಕೂಟ ನಡೆಸಿದ. ಮದುವೆಯ ಕರೆಯೋಲೆ, ಚರ್ಚಿನ ಪ್ಯಾನ್‌ಕೇಕ್ ಊಟದ ಚೀಟಿ, ಕಾಣೆಯಾದ ಬೆಕ್ಕಿನ ಪಟ, ಎಲ್ಲ ಅವನ ಕೈಯಿಂದಲೇ ಹೊರಬಂದವು. ಯಾರ ಮದುವೆ ಯಾರ ಜೊತೆ ಎಂಬುದು ಕೆಲವೊಮ್ಮೆ ಹುಡುಗಿಯ ಅಪ್ಪನಿಗಿಂತ ಮೊದಲು ಅವನಿಗೆ ತಿಳಿಯುತ್ತಿತ್ತು. ಅವನಿಂದ ಇನ್ನೊಬ್ಬರಿಗೆ ತಿಳಿದದ್ದಿಲ್ಲ. ಹೆಂಡತಿ ಲವೀನಾ ಇದನ್ನೊಂದು ಗುಣವೆಂದು ಒಪ್ಪುತ್ತಿರಲಿಲ್ಲ. "ಇವನ ಹತ್ರ ಮಾತಾಡೋ ಬದ್ಲು ಫ್ರಿಜ್ ಹತ್ರ ಮಾತಾಡ್ಬಹುದು. ಅದು ಆಗಾಗ ಗುರ್ ಅಂತಾದ್ರೂ ಅನ್ನುತ್ತೆ" ಅನ್ನುತ್ತಿದ್ದಳು.

ಒಂದು ಚುನಾವಣೆಯ ವರ್ಷ, ಆಗಸ್ಟ್ ತಿಂಗಳಲ್ಲಿ, ದೇಶದ ಅಧ್ಯಕ್ಷ ಸ್ಥಾನಕ್ಕೆ ನಿಂತಿದ್ದ ಹಾಲ್ವರ್ಸನ್ ಕಡೆಯವರು ಅವನನ್ನು ಹುಡುಕಿಕೊಂಡು ಬಂದರು. ಅವರ ಪಕ್ಷದ ಪ್ರಚಾರ ಫಲಕಗಳ ಮೂಲೆಯಲ್ಲಿ, ಸಂಘದ ಸದಸ್ಯರೇ ಅಚ್ಚು ಹಾಕಿದ್ದೆಂದು ತೋರಿಸುವ ಕಾರ್ಮಿಕ ಸಂಘದ ಪುಟ್ಟ ಮುದ್ರೆ ಇರಲೇಬೇಕು. ಆ ಮುದ್ರೆ ಹಾಕುವ ಹಕ್ಕಿದ್ದ ಅಚ್ಚುಕೂಟ ನಮ್ಮ ಕಡೆ ಅವನದೊಂದೇ. ತಮ್ಮ ಜೊತೆ ಉಪಾಧ್ಯಕ್ಷ ಸ್ಥಾನಕ್ಕೆ ಯಾರನ್ನು ನಿಲ್ಲಿಸಿಕೊಳ್ಳುತ್ತಾರೆ ಎಂಬುದನ್ನು ಹಾಲ್ವರ್ಸನ್ ಶನಿವಾರ ಪಕ್ಕದ ಊರಿನ ಸಭೆಯಲ್ಲಿ ಹೇಳುವವರಿದ್ದರು. ಅಲ್ಲಿಯವರೆಗೆ ಗುಟ್ಟು. ಗುಟ್ಟು ಕಾಯಲು ಇವರದೊಂದು ಹಳೆಯ ಉಪಾಯವಿದೆ: ಕೊನೆಯ ಪಟ್ಟಿಯಲ್ಲಿ ಉಳಿದವರೆಲ್ಲರ ಹೆಸರಿನಲ್ಲೂ ಫಲಕ ಅಚ್ಚು ಹಾಕಿಸುವುದು, ಆರಿಸಿದವರದ್ದನ್ನು ಒಯ್ಯುವುದು, ಮಿಕ್ಕಿದ್ದನ್ನು ಚೂರುಚೂರು ಮಾಡಿಸುವುದು. ಹೀಗಾಗಿ ಒಯ್ಯುವ ದಿನದವರೆಗೆ ಅಚ್ಚು ಹಾಕಿದವನಿಗೂ ಏನೂ ಗೊತ್ತಿರುವುದಿಲ್ಲ. ಈ ಸಲ ಮೂರು ಹೆಸರು. ಮೂರರ ವಿಷಯ ಯಾರಿಗೂ ಬಾಯಿಬಿಡುವುದಿಲ್ಲ ಎಂದು ಡೆಲ್ಬರ್ಟ್ ಸಹಿ ಹಾಕಿಕೊಟ್ಟ.

ಮೂರರಲ್ಲಿ ಒಂದು ಹೆಸರು ಸೆನೆಟರ್ ರೋಲೆಂಡ್ ಪ್ರೂಯಿಟ್ ಅವರದು. ಅವರು ನಮ್ಮೂರಿನವರೇ, ಡೆಲ್ಬರ್ಟ್‌ನ ಶಾಲೆಯ ಬೆಂಚಿನವರೇ. ಇಪ್ಪತ್ತನಾಲ್ಕು ವರ್ಷ ಸೆನೆಟಿನಲ್ಲಿ ಕೂತು, ಆ ವರ್ಷ ಮತ್ತೆ ಅದೇ ಸ್ಥಾನಕ್ಕೆ ನಿಂತಿದ್ದರು. ತಾವು ಕೋಣೆಗೆ ಕಾಲಿಟ್ಟರೆ ಕುರ್ಚಿಗಳೂ ಎದ್ದು ನಿಲ್ಲಬೇಕು ಎಂಬಂತೆ ನಡೆಯುತ್ತಿದ್ದರು, ಅಷ್ಟು ಬಿಟ್ಟರೆ ಕೆಟ್ಟವರಲ್ಲ.

ಬುಧವಾರ ಅವರು ತಮ್ಮ ಹೆಸರು, ಹುದ್ದೆ ಮೇಲೆ ಅಚ್ಚಾದ ಹೊಸ ಕಾಗದದ ಮಾದರಿ ನೋಡುವ ನೆಪದಲ್ಲಿ ಅಚ್ಚುಕೂಟಕ್ಕೆ ಬಂದರು. ಒಣಗಲು ಇಟ್ಟಿದ್ದ ಫಲಕಗಳ ಮೇಲೆ 'ಹಾಲ್ವರ್ಸನ್ – ಪ್ರೂಯಿಟ್' ಎಂದಿತ್ತು. ಪಕ್ಕದಲ್ಲೇ ಟಾರ್ಪಾಲು ಹೊದಿಸಿದ ಇನ್ನೆರಡು ರಾಶಿಗಳಿದ್ದವು. ರಾಜಕೀಯದಲ್ಲಿ ಕೂದಲು ನರೆಸಿಕೊಂಡವರು ಟಾರ್ಪಾಲು ಎತ್ತಬೇಕಿತ್ತು. ಆದರೆ ತನ್ನ ಹೆಸರನ್ನು ಆ ಜಾಗದಲ್ಲಿ ಕಂಡ ಮನುಷ್ಯ ಅಕ್ಕಪಕ್ಕ ನೋಡುವುದಿಲ್ಲ.

ಹತ್ತಿರ ಬಗ್ಗಿ ನೋಡಿ ಕೇಳಿದರು: "ನನ್ನ ಹೆಸರಿನ ಅಕ್ಷರ ಸ್ವಲ್ಪ ಚಿಕ್ಕದಾಯ್ತಲ್ವೇನೋ?"

"ಅಳತೆ ಅವರೇ ಕೊಟ್ಟಿದ್ದು."

"ಇರ್ಲಿ ಬಿಡು. ಮೊದಲ್ನೇ ನಾಲ್ಕು ವರ್ಷ ಹೀಗೇ ಇರ್ಲಿ." ಅವರು ಡೆಲ್ಬರ್ಟ್‌ನ ಭುಜ ತಟ್ಟಿದರು. "ನೀನು ಏನೂ ಹೇಳ್ಬೇಡ. ನಾನೂ ಏನೂ ನೋಡ್ಲಿಲ್ಲ."

"ರೋಲೆಂಡ್, ಕಾಗದದ ಮಾದರಿ?"

"ಅದೀಗ್ಯಾಕೆ? ತಲೆಬರಹವೇ ಬದಲಾಗುತ್ತಲ್ಲ ಮಾರಾಯ."

ಗುರುವಾರ ಬೆಳಿಗ್ಗೆ ಸೆನೆಟರರ ಕಚೇರಿಯಿಂದ ಫೋನು ಬಂತು. ಸೆನೆಟ್ ಚುನಾವಣೆಗೆಂದು ಹೇಳಿದ್ದ, ಮನೆಗಳ ಅಂಗಳದಲ್ಲಿ ನೆಡುವ ಫಲಕಗಳು ಬೇಡ. ಸಾಹೇಬರು ನಾಳೆ ಹತ್ತು ಗಂಟೆಗೆ ಪತ್ರಕರ್ತರ ಮುಂದೆ ಆ ಕಣದಿಂದ ಹಿಂದೆ ಸರಿಯುತ್ತಾರೆ. ಒಬ್ಬರೇ ಎರಡೆರಡು ಸ್ಥಾನಕ್ಕೆ ನಿಲ್ಲುವುದು ಅವರ ಘನತೆಗೆ ತಕ್ಕದ್ದಲ್ಲವಂತೆ.

ಡೆಲ್ಬರ್ಟ್ ಯಂತ್ರ ನಿಲ್ಲಿಸಿದ. ಶನಿವಾರ ಇನ್ನೊಂದು ಹೆಸರು ಬಂದರೆ ರೋಲೆಂಡ್ ಕೈಯಲ್ಲಿ ಅದೂ ಇಲ್ಲ, ಇದೂ ಇಲ್ಲ. ಹೇಳಿದರೆ ಸಹಿ ಹಾಕಿದ ಮಾತು ಹೋಗುತ್ತದೆ. ಅವನು ಮನೆಗೆ ಬಂದು ಕೂತ. ಮಧ್ಯಾಹ್ನದ ಸೂಪು ತಟ್ಟೆಯಲ್ಲೇ ಆರಿತು.

"ಏನಾಯ್ತು?" ಲವೀನಾ ಕೇಳಿದಳು.

"ಏನಿಲ್ಲ."

"ಹಾಗಾದ್ರೆ ದೊಡ್ಡದೇ ಆಗಿದೆ."

ಮೂರು ಗಂಟೆಗೆ ಅವನು ಬೇಡವೆಂದ ಸೆನೆಟ್ ಫಲಕದ ಮಾದರಿಯನ್ನು ಕಂಕುಳಲ್ಲಿಟ್ಟುಕೊಂಡು ಪ್ರೂಯಿಟ್ ಮನೆಗೆ ಹೋದ. ಸೆನೆಟರರು ಜಗಲಿಯಲ್ಲಿ ಹೊಸ ಸೂಟು ತೊಟ್ಟು, ಮಡದಿ ಕಾರಿನ್ ಎದುರು ಕೈ ಬೀಸುವುದನ್ನು ಅಭ್ಯಾಸ ಮಾಡುತ್ತಿದ್ದರು.

"ಇದಕ್ಕೆ ಒಪ್ಪಿಗೆ ಸಹಿ ಹಾಕು" ಎಂದ ಡೆಲ್ಬರ್ಟ್.

"ಬೇಡ ಅಂತ ಹೇಳಿ ಕಳಿಸಿದ್ನಲ್ಲೋ."

"ಗೊತ್ತು. ನಾಳೆ ಬೆಳಿಗ್ಗೆ ಎಂಟಕ್ಕೆ ಅಚ್ಚಿಗೆ ಹಾಕ್ತೀನಿ."

"ಕಿವಿ ಕೇಳಲ್ವಾ ನಿನಗೆ? ಹಾಲ್ವರ್ಸನ್ ಜೊತೆ ನನ್ನ ಹೆಸರಿರೋ ಫಲಕವನ್ನ ಅಚ್ಚು ಹಾಕಿದವ್ನು ನೀನೇ ತಾನೆ?"

"ಅಚ್ಚು ಹಾಕೋದು ನನ್ನ ಕೆಲಸ. ಸಹಿ ಹಾಕು."

"ಹೊಟ್ಟೆಕಿಚ್ಚು ಕಣೋ ನಿನಗೆ. ಶಾಲೇಲೂ ಹಿಂಗೇ ಇದ್ದೆ."

ಡೆಲ್ಬರ್ಟ್ ಪೆನ್ನು ಚಾಚಿಕೊಂಡೇ ನಿಂತ. ಕಾರಿನ್ ಇಬ್ಬರನ್ನೂ ನೋಡಿದರು. ಅವರು ಆ ಗಂಡನ ಜೊತೆ ಮೂವತ್ತೈದು ವರ್ಷ ಬಾಳಿದವರು.

"ಡೆಲ್ಬರ್ಟ್, ಈ ವಾರ ನೀನು ಎಷ್ಟು ಥರದ ಫಲಕ ಅಚ್ಚು ಹಾಕ್ದೆ?"

ಡೆಲ್ಬರ್ಟ್ ತೋಟದ ಕಡೆ ತಿರುಗಿದ. "ನಿಮ್ಮ ಟೊಮೇಟೊ ಈ ಸಲ ಚೆನ್ನಾಗಿ ಬಂದಿದೆ" ಎಂದ.

ಕಾರಿನ್ ಒಳಗೆ ಹೋಗಿ, ನಾಳೆ ಪತ್ರಕರ್ತರ ಮುಂದೆ ಓದಬೇಕಿದ್ದ ಪತ್ರವನ್ನು ಮೇಜಿನ ಮೇಲಿಂದ ತೆಗೆದುಕೊಂಡು ಬಂದು, ನಾಲ್ಕಾಗಿ ಮಡಚಿ ಏಪ್ರನ್ ಜೇಬಿಗೆ ಹಾಕಿಕೊಂಡರು. "ಸಹಿ ಹಾಕು, ರೋಲೆಂಡ್" ಎಂದರು. ಸೆನೆಟರರು ಸೂಟಿನ ಗುಂಡಿ ಬಿಚ್ಚಿ, ಮತ್ತೆ ಹಾಕಿ, ಕೊನೆಗೆ ಸಹಿ ಹಾಕಿದರು. ಡೆಲ್ಬರ್ಟ್‌ಗೆ ಹೋಗಿ ಬಾ ಎನ್ನಲಿಲ್ಲ.

ಶನಿವಾರ ಹಾಲ್ವರ್ಸನ್ ಪಕ್ಕದಲ್ಲಿ ಕೈ ಬೀಸಿದವರು ಪಶ್ಚಿಮದ ರಾಜ್ಯವೊಂದರ ಗವರ್ನರ್. ಸೋಮವಾರ ಡೆಲ್ಬರ್ಟ್ ಕರಾರಿನಂತೆ ಉಳಿದೆರಡು ರಾಶಿಗಳನ್ನು ಚೂರು ಮಾಡಿದ. ನವೆಂಬರ್‌ನಲ್ಲಿ ಪ್ರೂಯಿಟ್ ಸೆನೆಟ್ ಸ್ಥಾನವನ್ನು ಸುಲಭವಾಗಿ ಗೆದ್ದರು. ಗೆದ್ದ ಮೇಲೆ ರೋಟರಿ ಊಟದಲ್ಲಿ, ಉಪಾಧ್ಯಕ್ಷ ಸ್ಥಾನ ತಮ್ಮ ಬಾಗಿಲಿಗೇ ಬಂದಿತ್ತೆಂದೂ, ಟಿಫ್ಟನ್ ಜನರ ಮುಖ ನೋಡಿ ತಾವೇ ಬೇಡವೆಂದೆವೆಂದೂ ಹೇಳಿದರು. ಊರು ಎದ್ದು ನಿಂತು ಚಪ್ಪಾಳೆ ತಟ್ಟಿತು. ಡೆಲ್ಬರ್ಟ್ ಕೂಡ ತಟ್ಟಿದ. ಲವೀನಾ ಮೇಜಿನ ಕೆಳಗೆ ಅವನ ಕಾಲು ತುಳಿದಳಂತೆ.

ನಾಲ್ಕು ವರ್ಷದ ನಂತರ ಅದೇ ಪಕ್ಷದವರು ಮತ್ತೆ ಬಂದರು, ಈ ಸಲ ಐದು ಹೆಸರು ಹಿಡಿದುಕೊಂಡು. ಗುಟ್ಟು ಕಾಯುವುದರಲ್ಲಿ ನಿಮ್ಮಷ್ಟು ನಂಬಿಕಸ್ಥರು ಇಲ್ಲ ಎಂದು ಹೊಗಳಿದರು. ಡೆಲ್ಬರ್ಟ್ ಕಾಫಿ ಕೊಟ್ಟು, ಬೇರೆ ಊರಿನಲ್ಲಿ ನೋಡಿಕೊಳ್ಳಿ ಎಂದ. ಯಾಕೆಂದು ಅವರು ಎರಡು ಸಲ ಕೇಳಿದರು.

"ಗುಟ್ಟು ಕಾಯೋ ಕೆಲಸಕ್ಕೆ ನಾನು ಸರಿಯಾದವನಲ್ಲ" ಎಂದು ಹೇಳಿ ಬಾಗಿಲವರೆಗೆ ಬಿಟ್ಟು ಬಂದ.