ಬಿರಡೆಯ ಮೇಲೆ ಬಿದ್ದ ತೀರ್ಥ

ಆಯುಧಪೂಜೆಯ ದಿನ ನಮ್ಮಲ್ಲಿ ಯಾವ ಯಂತ್ರವೂ ಓಡುವುದಿಲ್ಲ. ಆ ವರ್ಷ ನನ್ನ ಫ್ಲಾಸ್ಕ್ ಮಾತ್ರ ಓಡುತ್ತಿತ್ತು. ದೊಡ್ಡಬಳ್ಳಾಪುರದ ಕೈಗಾರಿಕಾ ಪ್ರದೇಶದ ನಮ್ಮ ಲ್ಯಾಬಿನಿಂದ ಮರುದಿನವೇ ಗಿರಾಕಿಗೆ ಮಾದರಿ ಹೋಗಬೇಕಿತ್ತು. ಅದು ಸರಿಬಂದರೆ ಕಾಂಟ್ರಾಕ್ಟಿನ ನನ್ನ ಕೆಲಸ ಖಾಯಂ ಮಾಡಿಸುತ್ತೇನೆಂದು ಮ್ಯಾನೇಜರು ಮಾತು ಕೊಟ್ಟಿದ್ದರು. ಅಬ್ಬಾ ತೀರಿಕೊಂಡ ಮೇಲೆ ಮನೆ ನಡೆಯುತ್ತಿದ್ದದ್ದೇ ನನ್ನ ಸಂಬಳದಲ್ಲಿ.

ಫ್ಲಾಸ್ಕಿನೊಳಗೆ ಪ್ಲಾಸ್ಟಿಕ್ಕಿನ ಮೂಲವಸ್ತುವಾದ ಸ್ಟೈರೀನಿನ ಅಣುಗಳು ಒಂದಕ್ಕೊಂದು ಸೇರಿ ಸರಪಳಿಯಾಗಿದ್ದವು. ಸರಪಳಿಯ ತುದಿ ಜೀವಂತ ಇರುವವರೆಗೆ ದ್ರಾವಣ ಕಿತ್ತಳೆಗೆಂಪು. ಗಿರಾಕಿ ಕೇಳಿದ ರಾಸಾಯನಿಕ ಗುಂಪನ್ನು ಸಿರಿಂಜಿನಿಂದ ಹಾಕಿ ಆ ತುದಿಗೆ ಕೂರಿಸಿದರೆ ಬಣ್ಣ ಹೋಗುತ್ತದೆ, ಕೆಲಸ ಮುಗಿಯುತ್ತದೆ. ಅದಕ್ಕೆ ಮೊದಲು ಒಂದು ಹನಿ ನೀರು ಬಿದ್ದರೂ ಬಣ್ಣ ಹೋಗುತ್ತದೆ, ಆದರೆ ತುದಿ ಬೋಳು, ಮಾದರಿ ವ್ಯರ್ಥ. ಗಾಜು, ಸೂಜಿ ಎಲ್ಲವನ್ನೂ ಓವನ್ನಿನಲ್ಲಿಟ್ಟು ಒಣಗಿಸುವುದನ್ನು ನನಗೆ ಕಲಿಸಿದವರೇ ಮ್ಯಾನೇಜರು.

ಪೂಜೆಯ ತಟ್ಟೆ ಹಿಡಿದು ಅವರೇ ಲ್ಯಾಬಿಗೆ ಬಂದರು. ಹಿಂದೆ ಶಿಫ್ಟಿನವರೆಲ್ಲ ಬಂದರು.

“ಸರ್, ಕರ್ಪೂರ ಬೇಡ. ಇಲ್ಲಿ ದ್ರಾವಕ ಇದೆ, ಬೆಂಕಿ ಹತ್ಕೊಳ್ಳುತ್ತೆ,” ಎಂದೆ.

“ಸರಿ ಕಣಮ್ಮ,” ಎಂದು ಆರತಿಯನ್ನು ಹೊರಗೇ ಇಡಿಸಿದರು. ಹಿಂದಿನವರಲ್ಲಿ ಇಬ್ಬರು ಮುಖ ಮುಖ ನೋಡಿಕೊಂಡರು. ಆ ಲ್ಯಾಬಿನಲ್ಲಿ ಸಾಬರ ಹುಡುಗಿ ನಾನೊಬ್ಬಳೇ. ಪ್ರತಿವರ್ಷ ಕಡಲೆಪುರಿ ಇಸಿದುಕೊಂಡು ತಿಂದವಳು, ಯಾವತ್ತೂ ಯಾರೂ ಒಂದು ಮಾತು ಅಂದಿರಲಿಲ್ಲ. ಆದರೆ ಅವತ್ತು ಆಗಲೇ ಒಂದು ಸಲ ‘ಬೇಡ’ ಅಂದಾಗಿತ್ತು.

ಆಮೇಲೆ ಮಾವಿನೆಲೆಯಲ್ಲಿ ತೀರ್ಥ ಚಿಮುಕಿಸಿದರು. ಮೇಜಿನ ಮೇಲೆ, ಮೋಟಾರಿನ ಮೇಲೆ, ಕೊನೆಗೆ ನನ್ನ ಫ್ಲಾಸ್ಕಿನ ಮೇಲೆ. ಅದರ ಬಾಯಿಗೆ ಹಾಕಿದ ರಬ್ಬರ್ ಬಿರಡೆಯ ಮೇಲೆ, ಸೂಜಿ ಹೋಗುವ ಜಾಗದಲ್ಲೇ, ದಪ್ಪನೆಯ ಹನಿ ನಿಂತಿತು. ತೀರ್ಥ ಅವರ ಲೆಕ್ಕಕ್ಕೆ ನೀರಲ್ಲ.

“ಹಾಕ್ಬಿಡಮ್ಮ, ಒಳ್ಳೇ ಗಳಿಗೆ.”

ನನ್ನ ಕೈ ಟಿಶ್ಯೂ ಕಡೆಗೆ ಹೋಯಿತು. ಎಲ್ಲರೂ ನೋಡುತ್ತಿದ್ದರು. ನಾನು ತೀರ್ಥ ಒರೆಸಿದೆ ಎಂಬ ಸುದ್ದಿ ನನಗಿಂತ ಮೊದಲೇ ಊರು ಸೇರುತ್ತಿತ್ತು. ಟಿಶ್ಯೂ ಬಿಟ್ಟು ಸಿರಿಂಜ್ ತೆಗೆದುಕೊಂಡೆ. ಇದು ನನ್ನ ತಪ್ಪೆಂದು ಇವತ್ತಿಗೂ ಒಪ್ಪುವುದಿಲ್ಲ.

ಸೂಜಿಯ ಜೊತೆ ಹನಿಯೂ ಒಳಗಿಳಿಯಿತು. ನಾನಿನ್ನೂ ಸಿರಿಂಜ್ ಒತ್ತಿರಲೇ ಇಲ್ಲ, ಕೆಂಪು ತೆಳುವಾಗುತ್ತಾ ಬಂದು ಎಲ್ಲ ತಿಳಿಯಾಗಿಬಿಟ್ಟಿತು.

“ಆಗೋಯ್ತಲ್ಲಮ್ಮ! ನೋಡು, ಅಮ್ಮನ ದಯೆ,” ಎಂದು ಮ್ಯಾನೇಜರು ಚಪ್ಪಾಳೆ ತಟ್ಟಿದರು. ಉಳಿದವರೂ ತಟ್ಟಿದರು. ನಾನು ಸಿರಿಂಜಿನಲ್ಲಿದ್ದದ್ದನ್ನು ಸುಮ್ಮನೆ ಒಳಗೆ ಒತ್ತಿದೆ. ಕಣ್ಣು ಒರೆಸಿಕೊಂಡೆ, ಅವರು ಅದನ್ನು ಸಂತೋಷ ಅಂದುಕೊಂಡರು. ಅಮ್ಮಿಗೆ ಕೊಡು ಎಂದು ಕಡಲೆಪುರಿಯ ಇನ್ನೊಂದು ಪೊಟ್ಟಣವನ್ನೂ ಕೈಗಿಟ್ಟರು.

ಗಿರಾಕಿಯ ಪರೀಕ್ಷೆಯಲ್ಲಿ ಎಲ್ಲ ಬಯಲಾಯಿತು. ಸರಪಳಿಯ ಉದ್ದ ಸರಿಯಿತ್ತು, ತುದಿಯಲ್ಲಿ ಏನೂ ಇರಲಿಲ್ಲ. ಮ್ಯಾನೇಜರು ಒಳಗೆ ಕರೆದು ಕೂರಿಸಿದರು.

“ಎಲ್ಲಿಂದ ತೇವ ಹೋಯ್ತಮ್ಮ?”

ಅವರಿಗೆ ನಿಜವಾಗಿಯೂ ಹೊಳೆದಿರಲಿಲ್ಲ. ಹೇಳಿದ್ದರೆ ಬೈಯುತ್ತಲೂ ಇರಲಿಲ್ಲವೇನೋ. ಆದರೆ ಆ ಮಾತು ಆ ಕೋಣೆಯಲ್ಲೇ ಉಳಿಯುತ್ತಿರಲಿಲ್ಲ.

“ಸೂಜಿ ಸರಿಯಾಗಿ ಒಣಗಿರಲಿಲ್ಲ ಸರ್,” ಎಂದೆ.

ಕಾಂಟ್ರಾಕ್ಟ್ ಮುಂದುವರಿಯಲಿಲ್ಲ. ಕೊನೆಯ ದಿನ ಅವರು ಗೇಟಿನವರೆಗೂ ಬಂದರು. ಕಣ್ಣಲ್ಲಿ ನೀರಿತ್ತು.

“ಎಲ್ಲೇ ಹೋಗು, ಸೂಜಿ ಒಣಗಿಸೋದು ಮಾತ್ರ ಮರೀಬೇಡ ಕಣಮ್ಮ.”

“ಆಗಲಿ ಸರ್,” ಎಂದೆ.